ಬುದ್ಧಿ ಅನ್ನಿಸಿಕೊಂಡ ತಮ್ಮನಿಗೆ

ಗುಬ್ಬಿ
೧೪ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ತಮ್ಮ ಏಕಾಂತಾ,

ಅದಕ್ಕೇ ನಿನ್ನೆ ನಾನು ಹೇಳಹೊರಟಿದ್ದು, ಹೆಸರು ಹಿಡಿದು ಕೂಗಿದರೆ ತಿರುಗಿ ನೋಡುವಷ್ಟಾದರೂ ಒಬ್ಬ ಮನುಷ್ಯನಲ್ಲಿ ಉಳಿದಿರಬೇಕು ಅಂತ. ಮಾತು ಮುಗಿಯುವ ಮೊದಲೇ ನಿನ್ನ ಗುರುಪ್ರಕಾಶ ನನ್ನ ರಟ್ಟೆ ಹಿಡಿದು ಮಂಟಪದ ಮೆಟ್ಟಿಲಿಳಿಸಿದ, ಕೈಗೊಂದು ಬಾಳೆಹಣ್ಣು ತುರುಕಿದ, "ಬುದ್ಧಿಯೋರು ಧ್ಯಾನಕ್ಕೆ ಕೂತ್ಕತಾವ್ರೆ, ಸೋಮಶೇಖರಪ್ಪೋರೆ, ಇನ್ನೊಂದಿನ ಬನ್ನಿ" ಅಂದ. ಹಾಗಲವಾಡಿಯಲ್ಲಿ ಬಸ್ಸು ಹತ್ತಿದಾಗಲೂ ಹಣ್ಣು ಕೈಯಲ್ಲೇ ಇತ್ತು. ಚೇಳೂರಿನಲ್ಲಿ ಹತ್ತಿದ ಹೆಂಗಸೊಬ್ಬಳು ಅದನ್ನು ನೋಡಿ, ಮಂಟಪದ ಪ್ರಸಾದವಾ ಅಂತ ಕೇಳಿ, ಅರ್ಧ ಮುರಿಸಿಕೊಂಡು ಕಣ್ಣಿಗೊತ್ತಿಕೊಂಡಳು. ಉಳಿದರ್ಧ ನಾನು ತಿಂದೆ. ಬಾಳೆಹಣ್ಣಿನ ಹಾಗೇ ಇತ್ತು.

ಮೊದಲು ನಿನ್ನ ಆರೋಗ್ಯ ವಿಚಾರಿಸಬೇಕಿತ್ತು, ಅದನ್ನೇ ಬಿಟ್ಟೆ. ಹೇಗಿದ್ದೀಯೋ? ಆ ಮಂಟಪದ ಹಾಸುಗಲ್ಲು ಈ ಚಳಿಯಲ್ಲಿ ಹೇಗಿರುತ್ತದೆಂದು ನಿನ್ನೆ ಅಷ್ಟು ಹೊತ್ತು ಕೂತ ನನ್ನ ಸೊಂಟಕ್ಕೆ ಗೊತ್ತು. ನಿನ್ನ ಮೂಲವ್ಯಾಧಿಗೆ ಅದು ಆಗಿಬರುವುದಿಲ್ಲ. ಹುಲಿಚರ್ಮದ ಅಚ್ಚಿರುವ ಆ ರಗ್ಗು ನೋಡುವುದಕ್ಕೆ ಚೆನ್ನಾಗಿದೆ, ಆದರೆ ಅದರಡಿ ಒಂದು ದಿಂಬು ಇಟ್ಟುಕೋ, ಭಕ್ತರಿಗೆ ಕಾಣುವುದಿಲ್ಲ. ಬೆಳಗಿನ ಹೊತ್ತು ಕಿವಿಗೆ ಹತ್ತಿ ಇರಲಿ. ಇಳಿದುಹೋಗಿದ್ದೀಯ. ಗಡ್ಡ ಮಾತ್ರ ಒಪ್ಪುತ್ತದೆ, ಅದು ಸುಳ್ಳಲ್ಲ, ಅಪ್ಪನಿಗೂ ಒಪ್ಪುತ್ತಿತ್ತು. ನನ್ನದೇನು, ಮಂಡಿ ಬಿಟ್ಟರೆ ಉಳಿದದ್ದೆಲ್ಲ ನಡೆಯುತ್ತಿದೆ. ನಿನ್ನ ಅತ್ತಿಗೆ ಹೋದ ಮೇಲೆ ಕಾಫಿ ಮಾಡುವುದನ್ನು ಕಲಿತೆ, ಕುಡಿಯುವುದನ್ನು ಇನ್ನೂ ಕಲಿಯಬೇಕು.

ನಿನ್ನೆ ಹೇಳಲಾಗದೆ ಉಳಿದದ್ದು ನಿನ್ನ ಹೆಂಡತಿಯ ಕಾಲಿನ ವಿಷಯ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಫೋನು ಗುರುಪ್ರಕಾಶನ ಜೇಬಿನಲ್ಲಿದೆ. ಹೋದ ಶಿವರಾತ್ರಿಗೆ ನಿನ್ನನ್ನು ಹಿಡಿದು ಮಂಟಪ ಹತ್ತಿಸುವ ಮೊದಲು ಅವನು ಬೋರ್‌ವೆಲ್ ಪಾಯಿಂಟ್ ತೋರಿಸುತ್ತಿದ್ದ, ಈಗ ನಿನ್ನನ್ನು ತೋರಿಸುತ್ತಾನೆ. ಸಂಜೆ ನಿನ್ನ ಅಳಿಯ ಮಲ್ಲಿಕಾರ್ಜುನ ಕುಣಿಗಲ್ಲಿನಿಂದ ಬೈಕಿನಲ್ಲಿ ಬರುತ್ತಾನೆ. ನಿನ್ನ ಕೈಗೇ ಕೊಡಬೇಕೆಂದು ಹೇಳಿ ಈ ಕಾಗದ ಕಳಿಸುತ್ತೇನೆ. ಇಂದು ರಾತ್ರಿಯೊಳಗೆ ಓದು. ಶಿವರುದ್ರಮ್ಮ ನಿನ್ನ ದರ್ಶನಕ್ಕೆ ಬರಿಗಾಲಿನಲ್ಲಿ ಬಂದಿದ್ದಳಲ್ಲ, ಆಗ ಹೆಬ್ಬೆರಳಿಗೆ ಕಲ್ಲು ತಾಗಿತ್ತು. ಅವಳಿಗೆ ಗೊತ್ತೇ ಆಗಲಿಲ್ಲವಂತೆ, ಸಕ್ಕರೆ ಕಾಯಿಲೆಯವರ ಪಾದಕ್ಕೆ ನೋವು ತಿಳಿಯುವುದಿಲ್ಲವಲ್ಲ. ನೀನು ಇನ್ಸುಲಿನ್ ಬಿಡು ಅಂದೆ, ಅವಳು ಬಿಟ್ಟಳು. ಗಾಯಕ್ಕೆ ನಿನ್ನ ವಿಭೂತಿ ಹಚ್ಚಿ ಮೇಲೆ ಬಟ್ಟೆ ಸುತ್ತಿಕೊಂಡಳು. ನಿನಗೆ ಗೊತ್ತಲ್ಲ, ನಾನು ಮಧ್ಯಾಹ್ನದ ಊಟಕ್ಕೆ ನಿಮ್ಮ ಮನೆಗೇ ಹೋಗುವುದು, ಗೋಡೆಯಾಚೆ ಮನೆ. ಹೋದ ವಾರ ಮುದ್ದೆ ಮುರಿಯುತ್ತಿದ್ದಾಗ ಏನೋ ವಾಸನೆ ಬಂತು. ಅಟ್ಟದ ಮೇಲೆ ಇಲಿ ಸತ್ತಿರಬೇಕು, ನೋಡಿಸಮ್ಮ ಅಂದೆ. ಅವಳು ಸಾರು ಬಡಿಸುತ್ತಿದ್ದವಳು ತಟ್ಟನೆ ಎರಡು ಹೆಜ್ಜೆ ಹಿಂದಕ್ಕೆ ಸರಿದು, ಸೀರೆಯ ನೆರಿಗೆ ಕಾಲ ಮೇಲೆ ಎಳೆದುಕೊಂಡಳು. ಆಗ ತಿಳಿಯಿತು ನನಗೆ.

ಬಟ್ಟೆ ಬಿಚ್ಚಿಸಿ ನೋಡಿದೆ. ಅದನ್ನೆಲ್ಲ ಬರೆಯುವುದಿಲ್ಲ. ಹೆಬ್ಬೆರಳು ಒಲೆಯಲ್ಲಿಟ್ಟು ತೆಗೆದ ಹಾಗಿದೆ. ಸೂಜಿ ಯಾಕಮ್ಮ ಬಿಟ್ಟೆ, ಅವನು ಹೇಳಿದನೆಂದು ನೀನು ಬಿಡುವುದಾ, ಅವನು ನಿನ್ನ ಗಂಡ ಕಣಮ್ಮ, ಡಾಕ್ಟರಲ್ಲ ಅಂದೆ. ಅವಳು ತಲೆ ತಗ್ಗಿಸಿಕೊಂಡೇ, ಬಹಳ ಮೆತ್ತಗೆ, "ನನ್ ಗಂಡ ಆಗಿದ್ದೋರು ಹೋದ ಶಿವರಾತ್ರಿಗೇ ಹೋದ್ರು ಭಾವ. ಈಗಿರೋರು ಬುದ್ಧಿಯೋರು" ಅಂದಳು. ಏಕಾಂತಾ, ಅವಳ ದನಿಯಲ್ಲಿ ದುಃಖವಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು.

ನಿನ್ನ ಮಗಳು ಸುಮನಾ ಶಾಲೆಗೆ ರಜೆ ಹಾಕಿ ಕುಣಿಗಲ್ಲಿನಿಂದ ಓಡಿಬಂದಳು. ಇಬ್ಬರೂ ಸೇರಿ ತುಮಕೂರಿಗೆ ಕರೆದೊಯ್ದೆವು. ಡಾಕ್ಟರು ಸಣ್ಣ ವಯಸ್ಸಿನವನು, ಸಿಟ್ಟು ಮಾಡಿಕೊಳ್ಳಲಿಲ್ಲ, ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಈಗಾದರೆ ಬೆರಳು, ಸ್ವಲ್ಪ ತಡವಾದರೆ ಮಂಡಿಯ ಕೆಳಗೆ, ಅದೂ ತಪ್ಪಿದರೆ ವಿಷ ಮೈಗೆಲ್ಲ ಏರುತ್ತದೆ, ಆಮೇಲೆ ನಾವು ಮಾಡುವುದೇನೂ ಇರುವುದಿಲ್ಲ ಅಂದ. ಶಿವರುದ್ರಮ್ಮ ಎಲ್ಲ ಕೇಳಿಸಿಕೊಂಡಳು. ಕೇಳಿಸಿಕೊಂಡು, ಅಪ್ಪಣೆಯಾದರೆ ಬರ್ತೀನಿ ಸಾರ್ ಅಂದಳು. ಯಾರ ಅಪ್ಪಣೆ ಎಂದು ಅವನು ನನ್ನ ಮುಖ ನೋಡಿದ. ನಾನು ಏನು ಹೇಳಲಿ? ಇವಳ ಯಜಮಾನರು ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಮೇಷ್ಟ್ರಾಗಿದ್ದವರು ಎಂದು ಹೇಳಲಾ?

ಚೇಳೂರಿನ ಹೈಸ್ಕೂಲಿಗೆ ನಾನೊಂದು ಸಲ ನಿನಗೆ ಬುತ್ತಿ ಕೊಡಲು ಬಂದಿದ್ದೆ, ನೆನಪಿದೆಯಾ? ನೀನು ಹಲಗೆಯ ಮೇಲೆ ಹೊಟ್ಟೆಯೊಳಗಿನ ಚಿತ್ರ ಬರೆಯುತ್ತಿದ್ದೆ, ಮೇದೋಜೀರಕ ಗ್ರಂಥಿಗೆ ಹಳದಿ ಸೀಮೆಸುಣ್ಣ. ಬಾಗಿಲಲ್ಲಿ ನಿಂತು ಕೇಳಿದೆ. ಇದು ಕೆಲಸ ನಿಲ್ಲಿಸಿದರೆ ಮನುಷ್ಯ ಸಕ್ಕರೆ ಡಬ್ಬಿಯ ಒಳಗೇ ಕೂತು ಹಸಿವಿನಿಂದ ಸಾಯುತ್ತಾನೆ ಕಣ್ರೋ ಅಂತ ನೀನು ಹೇಳಿದೆ. ಮಕ್ಕಳು ನಕ್ಕರು. ನಾನು ಅದನ್ನು ನಮ್ಮ ಬಸ್ ಡಿಪೋದಲ್ಲಿ ಎಷ್ಟು ಜನಕ್ಕೆ ಹೇಳಿದ್ದೇನೋ. ಅಷ್ಟು ಚೆನ್ನಾಗಿ ಪಾಠ ಮಾಡುವವನನ್ನು ಹೆಡ್‌ಮಾಸ್ಟರ್ ಮಾಡಲಿಲ್ಲ, ನಿನಗಿಂತ ಕಿರಿಯರು ಮೂರು ಜನ ಕುರ್ಚಿ ಹತ್ತಿದರು, ಬೀಳ್ಕೊಡುಗೆಯ ದಿನ ಹೊದಿಸಿದ ಶಾಲಿನ ಮೇಲೆ ಇನ್ನೊಬ್ಬರ ಹೆಸರಿನ ಚೀಟಿ ಇತ್ತು. ನೀನು ನಕ್ಕು ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಆ ನಗು ನನಗೆ ಹಿಡಿಸಿರಲಿಲ್ಲ.

ತುಮಕೂರಿನಲ್ಲಿ ಬಿ.ಎ. ಓದುವಾಗ ನಮ್ಮ ಇಂಗ್ಲಿಷ್ ಲೆಕ್ಚರರ್ ಒಂದು ದಿನ ವ್ಯಾನಿಟಿ ಎಂದರೇನು ಎಂದು ಕೇಳಿದರು. ನಾನು ಎದ್ದು ನಿಂತು, ಹೆಂಗಸರ ಬ್ಯಾಗ್ ಸಾರ್ ಅಂದೆ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅವರು ಮಾತ್ರ ನಗದೆ, ಸರಿಯಾಗೇ ಹೇಳಿದೆ ಕಣಯ್ಯ, ಒಣಜಂಭ ಅಂದರೂ ಅದೇ, ಎಲ್ಲರ ಹೆಗಲಿಗೂ ಒಂದು ನೇತಾಡುತ್ತಿರುತ್ತದೆ, ಒಳಗೊಂದು ಕನ್ನಡಿ ಅಂದರು. ತನಗೆ ತಾನೇ ಮೋಸ ಮಾಡಿಕೊಳ್ಳುವುದಕ್ಕೆ ಅವರೇ ಇನ್ನೊಂದು ಪದ ಕಲಿಸಿದ್ದರು. ಸೆಲ್ಫ್ ಡಿಸೆಪ್ಶನ್ನೋ ಸೆಲ್ಫ್ ರಿಸೆಪ್ಶನ್ನೋ, ಈಗ ಮರೆತುಹೋಗಿದೆ, ಡಿಸೆಪ್ಶನ್ನೇ ಇರಬೇಕು. ಆದರೆ ನಿನ್ನೆ ಬಸ್ಸಿನಲ್ಲಿ ಯೋಚಿಸಿದಾಗ ರಿಸೆಪ್ಶನ್ನೇ ಸರಿ ಅನ್ನಿಸಿತು. ಮನುಷ್ಯ ತಾನೇ ಬಾಗಿಲಲ್ಲಿ ಹಾರ ಹಿಡಿದು ನಿಂತು, ತಾನೇ ಬಂದಿಳಿದು, ತನ್ನ ಕೊರಳಿಗೆ ತಾನೇ ಹಾಕಿಕೊಂಡು, ದಯಮಾಡಿಸಬೇಕು ಅನ್ನುತ್ತಾನೆ. ಮೋಸ ಎಂದರೆ ಯಾರಾದರೂ ಮಾಡಬೇಕು, ಇನ್ಯಾರಾದರೂ ಹೋಗಬೇಕು. ಇದರಲ್ಲಿ ಎರಡೂ ಒಬ್ಬನೇ, ಆದ್ದರಿಂದ ದೂರು ಕೊಡುವವರಿಲ್ಲ.

ಶುರುವಾದದ್ದು ನನ್ನ ಕಣ್ಣೆದುರಿಗೇ. ಅಮೃತೂರಿನ ಗೃಹಪ್ರವೇಶಕ್ಕೆ ನಾವಿಬ್ಬರೂ ಹೋಗಿದ್ದೆವು, ದಾರಿಯಲ್ಲಿ ಮಳೆ ಸಿಕ್ಕಿ ನೀನು ತೊಪ್ಪೆಯಾಗಿದ್ದೆ. ಬರಬೇಕಾದ ಸ್ವಾಮಿಗಳ ಕಾರು ಎಲ್ಲೋ ಕೆಟ್ಟು ನಿಂತಿತ್ತು. ಮನೆಯವರು ಬೇರೆ ಬಟ್ಟೆ ಕೈಗೆ ಸಿಗದೆ, ಸ್ವಾಮಿಗಳಿಗೆಂದು ತಂದಿಟ್ಟ ಕಾವಿ ಶಾಲನ್ನೇ ನಿನಗೆ ಹೊದಿಸಿದರು. ಗದ್ದೆ ಕೆಲಸದ ಕಲ್ಲಮ್ಮ ಎಂಬ ಮುದುಕಿ ಅದನ್ನು ನೋಡಿ, ಗುಂಪು ಸೀಳಿಕೊಂಡು ಬಂದು "ಅಡ್ಡಬಿದ್ದೆ ಬುದ್ಧಿ" ಎಂದು ನಿನ್ನ ಕಾಲ ಮೇಲೆ ತಲೆಯಿಟ್ಟಳು. ಮಠದ ಸ್ವಾಮಿಗಳನ್ನು ನಮ್ಮ ಕಡೆ ಬುದ್ಧಿ ಎಂದು ಕರೆಯುವುದು, ಅವಳ ತಪ್ಪೇನೂ ಇಲ್ಲ. ತೋಳು ಎತ್ತುವುದಕ್ಕೆ ಆಗೊಲ್ಲ, ಹೊಟ್ಟೆಗೇನು ಮಾಡಲಿ ಎಂದು ಅತ್ತಳು. ನಾನಲ್ಲಮ್ಮ, ನಾನು ಗುಬ್ಬಿಯ ಮೇಷ್ಟ್ರು ಎಂದು ನೀನು ಹೇಳುತ್ತೀಯೆಂದು ಕಾದೆ. ನೀನು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅವಳ ತಲೆ ಮೇಲೆ ಕೈ ಇಟ್ಟು, "ಹೋಗು, ವಾಸಿಯಾಗುತ್ತೆ" ಅಂದೆ. ಅಂದಾಗ ನಿನ್ನ ಮುಖ ಹೇಗಿತ್ತೆಂದರೆ, ತುಂಬ ದಿನದಿಂದ ಬಾಯಾರಿದ್ದವನು ನೀರು ಕುಡಿದು ಲೋಟ ಕೆಳಗಿಡುತ್ತಾನಲ್ಲ, ಹಾಗೆ. ಕಾರುಣ್ಯವೂ ಇತ್ತು, ಇಲ್ಲ ಅನ್ನಲಾರೆ. ಹೊರಗೆ ಬಂದ ಮೇಲೆ ನಾವಿಬ್ಬರೂ ನಕ್ಕೆವು. ಆದರೆ ಕಲ್ಲಮ್ಮನ ತೋಳು ಎದ್ದಿತು. ಅದೇ ಅನಾಹುತವಾಯಿತು ನೋಡು. ಅವಳು ಊರವರನ್ನು ಕರೆದುಕೊಂಡು ಗುಬ್ಬಿಗೇ ಬಂದಳು. ಬೀದಿಯಲ್ಲಿ ನಿಂತು ತೋಳೆತ್ತಿ ತೋರಿಸಿದಳು. ಆವತ್ತು ನಾನು ನಕ್ಕೆ, ನೀನು ನಗಲಿಲ್ಲ.

ನಾನು ಕಂಟ್ರೋಲರ್ ಆಗಿದ್ದಾಗ ಒಬ್ಬ ಡ್ರೈವರ್ ಇದ್ದ, ಹೆಸರು ಬೇಡ. ನಿದ್ದೆಗೆಟ್ಟು ಎರಡನೇ ಡ್ಯೂಟಿಗೆ ಹೊರಟಿದ್ದ. ಬೇಡ ಮಾರಾಯ, ಕಣ್ಣು ಕೆಂಪಗಿದೆ ಅಂದೆ. ಅವನು ನಗುತ್ತಾ, ಸಾರ್, ಹಿಂದೆ ತಿರುಗಿ ನೋಡಿ, ಅಷ್ಟೂ ಪ್ಯಾಸೆಂಜರ್ರು ಬಸ್ಸು ಹೊರಡೋಕೆ ಮುಂಚೆನೇ ಗೊರಕೆ ಹೊಡೀತವ್ರೆ, ನನ್ ಮೇಲೆ ಅಷ್ಟು ನಂಬಿಕೆ ಅಂದ. ಅವರ ನಿದ್ದೆಯನ್ನು ತನ್ನ ಎಚ್ಚರಕ್ಕೆ ಸಾಕ್ಷಿ ಮಾಡಿಕೊಂಡಿದ್ದ. ಆ ಬಸ್ಸು ಎಲ್ಲಿ ಸಿಕ್ಕಿತು, ಹೇಗೆ ಸಿಕ್ಕಿತು ಅನ್ನುವುದು ನಿನಗೂ ಗೊತ್ತು. ನಿನ್ನೆ ಮಂಟಪದಲ್ಲಿ ಆ ಜನ ಕಣ್ಣು ಮುಚ್ಚಿ ಕೈ ಮುಗಿದು ಕೂತಿದ್ದರಲ್ಲ, ನೀನು ಒಬ್ಬೊಬ್ಬರ ಮುಖ ನೋಡುತ್ತಾ ಇದ್ದೆಯಲ್ಲ, ಆಗ ನನಗೆ ಅವನ ಕೆಂಪು ಕಣ್ಣು ನೆನಪಿಗೆ ಬಂತು.

ನೀನು ನನಗೆ "ಹೇಳಪ್ಪ, ಏನು ಕಷ್ಟ" ಅಂದೆ. ಅಪ್ಪ ಅಂದೆ, ಅಣ್ಣ ಅನ್ನಲಿಲ್ಲ. ಬರುವಾಗ ಸುಮನಾ ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ಬಂದು, "ದೊಡ್ಡಪ್ಪ, ಒಂದು ಸಲ ಬುದ್ಧಿ ಅಂದ್ಬುಡಿ. ನಿಮ್ ಗಂಟೇನು ಹೋಗಲ್ಲ. ಅಪ್ಪಾಜಿ ಹೂಂ ಅಂದ್ರೆ ಅಮ್ಮ ಉಳ್ಕತಾಳೆ" ಎಂದು ಕೈ ಹಿಡಿದುಕೊಂಡಿದ್ದಳು. ನಾನು ಹೂಂ ಅಂದುಕೊಂಡೇ ಬಂದೆ. ಆದರೆ ನೀನು ಅಪ್ಪ ಅಂದೆಯಲ್ಲ, ನಿನ್ನನ್ನು ಸೊಂಟದ ಮೇಲೆ ಹೊತ್ತು ಕೆರೆ ಏರಿಯ ಮೇಲೆ ತಿರುಗಿಸಿದವನಿಗೆ ಆ ಮಾತು ಬಾಯಿಗೆ ಬರಲಿಲ್ಲ. "ಏಯ್ ಏಕಾಂತಾ, ನಾನು ನಿನ್ನಣ್ಣ ಕಣೋ, ನಿನ್ ಹೆಂಡ್ತಿ ಸಾಯ್ತಾವ್ಳೆ" ಎಂದುಬಿಟ್ಟೆ. ಮುಂದಿದ್ದ ಹೆಂಗಸರು ಕಿವಿ ಮುಚ್ಚಿಕೊಂಡರು, ಸಾಯುವ ಮಾತಿಗಲ್ಲ, ಏಯ್ ಅಂದದ್ದಕ್ಕೆ. ನೀನು ಗುರುಪ್ರಕಾಶನ ಕಡೆ ನೋಡಿದೆ. ಆಮೇಲೆ ಮಾಡಿನ ಕಡೆ ನೋಡಿ, "ಕಾಲ ಬರಲಿ" ಅಂದೆ. ಆ ಎರಡು ನೋಟದ ನಡುವೆ ಒಂದು ಗಳಿಗೆ ನಿನ್ನ ಕಣ್ಣು ನನ್ನ ಮೇಲೆ ನಿಂತಿತ್ತು. ಬೇರೆ ಯಾರಿಗೆ ಕಾಣದಿದ್ದರೂ ನನಗೆ ಕಂಡಿತು. ನಿನಗೆ ಎಲ್ಲ ಗೊತ್ತಿದೆ. ಹಳದಿ ಸೀಮೆಸುಣ್ಣದವನು ಒಳಗೇ ಇದ್ದಾನೆ, ಬಾಗಿಲು ಬಡಿಯುತ್ತಿದ್ದಾನೆ, ನೀನು ಹೊರಗೆ ಕೂತು ಗಟ್ಟಿಯಾಗಿ ಮಂತ್ರ ಹೇಳುತ್ತಿದ್ದೀಯ. ಗೊತ್ತಿಲ್ಲದವನ ಜೊತೆ ವಾದ ಮಾಡಬಹುದು ಏಕಾಂತಾ. ಗೊತ್ತಿದ್ದೂ ಕೇಳಿಸಿಕೊಳ್ಳದವನ ಹತ್ತಿರ ಏನು ಮಾಡುವುದು?

ಅವಳು ಆಪರೇಷನ್ನಿಗೆ ಹೋದಳೆಂದರೆ ನಿನ್ನ ವಿಭೂತಿ ಸುಳ್ಳಾಗುತ್ತದೆ, ಅದೇ ತಾನೆ ಹೆದರಿಕೆ? ಕಾರ್ತಿಕದ ಕಡೇ ಸೋಮವಾರ ಮಂಟಪದಲ್ಲಿ ನಿನಗೆ ಕಿರೀಟ ಇಡುತ್ತಾರಂತೆ. ಗುರುಪ್ರಕಾಶ ಬಸ್ ಸ್ಟ್ಯಾಂಡಿನ ಎದುರಿಗೇ ಫ್ಲೆಕ್ಸ್ ಕಟ್ಟಿಸಿದ್ದಾನೆ. ನೀನು ಮಾಳಿಗೆಯಷ್ಟು ದೊಡ್ಡದಾಗಿದ್ದೀಯ. ಕೆಳಗೆ ಮೂಲೆಯಲ್ಲಿ ಕೈ ಮುಗಿದ ಶಿವರುದ್ರಮ್ಮ, ಸಕ್ಕರೆ ಕಾಯಿಲೆ ಗೆದ್ದ ಮಾತೆ ಎಂದು ಹೆಸರು. ಅವಳನ್ನು ಅವತ್ತು ವೇದಿಕೆ ಹತ್ತಿಸಿ ಮಾತಾಡಿಸುತ್ತಾರಂತೆ. ಫೋಟೋ ಮಂಡಿಯ ಹತ್ತಿರಕ್ಕೆ ನಿಲ್ಲುತ್ತದೆ, ಪಾದ ಬಂದಿಲ್ಲ. ಮೊನ್ನೆ ತುಮಕೂರಿನಿಂದ ವಾಪಸು ಬರುವಾಗ ಅವಳು ಆಟೋ ನಿಲ್ಲಿಸಿ ಅದನ್ನೇ ನೋಡುತ್ತಾ ಕೂತಳು. ಚೆನ್ನಾಗಿ ಬಂದಿದೆ ಅಲ್ವಾ ಭಾವ ಅಂದಳು. ಮದುವೆಯ ದಿನ ಬಿಟ್ಟರೆ ಅವಳನ್ನೊಬ್ಬಳನ್ನೇ ನಿಲ್ಲಿಸಿ ಯಾರೂ ಫೋಟೋ ತೆಗೆದಿರಲಿಲ್ಲವಂತೆ. ಮೇಷ್ಟ್ರ ಹೆಂಡತಿ ಎಂದು ಯಾರೂ ಮಣೆ ಹಾಕಿರಲಿಲ್ಲ, ಈಗ ಅವಳು ಬಂದರೆ ಜನ ದಾರಿ ಬಿಡುತ್ತಾರೆ. ಸುಖವಾಗಿದ್ದಾಳೆ ಕಣೋ, ಅದನ್ನು ಹೇಗೆ ಬರೆಯಲಿ. ಕಾಲು ಕೊಳೆಯುತ್ತಿದೆ, ಮುಖ ಹೊಳೆಯುತ್ತಿದೆ. ಒಬ್ಬನ ಹೆಗಲ ಬ್ಯಾಗಿನ ಕನ್ನಡಿಯಲ್ಲಿ ಇನ್ನೊಬ್ಬರೂ ಮುಖ ನೋಡಿಕೊಳ್ಳಬಹುದು ಎಂದು ಆ ಲೆಕ್ಚರರ್ ಹೇಳಿರಲಿಲ್ಲ.

ನನ್ನ ಹೆಗಲಲ್ಲೂ ಒಂದು ನೇತಾಡುತ್ತಿದೆ, ಇಲ್ಲ ಅನ್ನುವುದಿಲ್ಲ. ನನ್ನ ಕನ್ನಡಿಯಲ್ಲಿ ಕಾಣುವವನು ಅಣ್ಣ. ತಮ್ಮನ ಕಾಲಿಗೆ ಬೀಳದ ಅಣ್ಣ, ಸತ್ಯ ಹೇಳುವ ಅಣ್ಣ. ನಿನ್ನೆ ಮೆಟ್ಟಿಲಿಳಿಯುವಾಗ, ಹೇಳಿಯೇಬಿಟ್ಟೆನಲ್ಲ ಎಂದು ಒಳಗೆಲ್ಲೋ ಹಿತವಾಗಿತ್ತು. ಸುಮನಾಳ ಎದುರು ಬಂದು ನಿಂತಾಗ ಆ ಹಿತ ಇರಲಿಲ್ಲ. ಅಂದ್ರಾ ದೊಡ್ಡಪ್ಪ ಅಂತ ಕೇಳಿದಳು. ಇಲ್ಲಮ್ಮ ಅಂದೆ. ಅವಳು ಬಯ್ಯಲಿಲ್ಲ, ಒಳಗೆ ಹೋಗಿ ತಾಯಿಯ ಕಾಲಿಗೆ ಹೊಸ ಬಟ್ಟೆ ಸುತ್ತಿದಳು.

ಇವತ್ತು ಮಧ್ಯಾಹ್ನ ಊಟಕ್ಕೆ ಹೋದಾಗ ಶಿವರುದ್ರಮ್ಮ ಎದ್ದಿರಲಿಲ್ಲ. ಸುಮನಾನೇ ಬಡಿಸಿದಳು. ಪಾದದ ಮೇಲೆ ಕೆಂಪು ಗೆರೆಯೊಂದು ಕಣಕಾಲು ದಾಟಿ ಮೇಲಕ್ಕೆ ಹೊರಟಿದೆ ಎಂದಳು. ನೋಡಲಾ ಅಂದೆ, ಬೇಡಿ ಅಂದಳು. ಗೋಡೆಯಾಚೆ ಈಗಲೂ ಸುಮನಾಳ ದನಿ ಕೇಳಿಸುತ್ತಿದೆ, ಅಮ್ಮ ಅಮ್ಮ ಎಂದು ಏನೋ ಕುಡಿಸುತ್ತಿದ್ದಾಳೆ. ನೀನೊಮ್ಮೆ ಇಳಿದು ಬಾರೋ. ಕಾವಿಯಲ್ಲೇ ಬಾ, ಪಂಚೆಯಲ್ಲೇ ಬಾ. ಬಂದು ಅವಳ ತಲೆಯ ಹತ್ತಿರ ಕೂತು, ನಡಿ ರುದ್ರಿ, ಆಸ್ಪತ್ರೆಗೆ ಹೋಗೋಣ ಅನ್ನು, ಮೊದಲು ಕರೆಯುತ್ತಿದ್ದ ಹಾಗೆ. ನಿನಗೆ ಜನ ನಗುತ್ತಾರೆ, ನಿಜ. ಒಂದಷ್ಟು ದಿನ ನಗುತ್ತಾರೆ. ಆಮೇಲೆ ಅವರಿಗೆ ಇನ್ನೊಬ್ಬ ಸಿಗುತ್ತಾನೆ.

ಇನ್ನೂ ಬರೆಯುವುದಿತ್ತು. ಆದರೆ ಗೆರೆ ಗೆರೆಯ ಮೇಲೆ ಕೂರುತ್ತಿದೆ, ಕನ್ನಡಕ ಒರೆಸಿಕೊಂಡರೂ ಅಷ್ಟೇ. ತಲೆಯೆತ್ತಿ ನೋಡಿದರೆ ಎದುರುಮನೆಯ ತೆಂಗಿನ ನೆತ್ತಿಯ ಮೇಲೆ ಮಾತ್ರ ಒಂದಿಷ್ಟು ಬಿಸಿಲು, ಜಗುಲಿಯಲ್ಲಿ ಬೆಳಕು ಹೋಗುತ್ತಿದೆ. ಕರೆಂಟೂ ಇಲ್ಲ. ನಿಲ್ಲಿಸುತ್ತೇನೆ. ನಿನ್ನನ್ನು ಹರಸುವ ಹಕ್ಕು ಇನ್ನೂ ನನಗಿದೆ ಎಂದುಕೊಂಡು ಹರಸುತ್ತೇನೆ, ನಿನ್ನ ಹೆಸರು ನಿನಗೆ ವಾಪಸು ಸಿಗಲಿ.

ನಿನ್ನ ಅಣ್ಣ,
ಸೋಮಶೇಖರ

ವಿ.ಸೂ. ಬುದ್ಧಿ, ಅಡ್ಡಬಿದ್ದೆ. ಮೇಲಿನದನ್ನು ತಾವು ಓದಬೇಕಾಗಿಲ್ಲ, ಹರಿದು ಹಾಕಿಸಿ, ಇದಿಷ್ಟು ನೋಡಿದರೆ ಸಾಕು. ಮಲ್ಲಿಕಾರ್ಜುನ ಗಾಡಿ ಆಫ್ ಮಾಡದೆ ಕಾಯುತ್ತಿದ್ದಾನೆ, ಟಾರ್ಚ್ ಅವನೇ ಹಿಡಿದಿದ್ದಾನೆ. ಶಿವರುದ್ರಮ್ಮ ತಾಯಿಯವರಿಗೆ ನಡುಕ ಬಂದು ಜ್ವರ ಏರಿದೆ. ಸುಮನಾಳನ್ನು ಯಾರಮ್ಮ ನೀನು ಎಂದು ಕೇಳಿದರು. ಆಂಬುಲೆನ್ಸ್ ಬಂದು ನಿಂತಿದೆ. ಬಾಗಿಲ ಚೌಕಟ್ಟು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾರೆ, ಬಿಡಿಸಲು ಹೋದರೆ ಕಿರುಚುತ್ತಾರೆ, ಅಪ್ಪಣೆ ಆಗಿಲ್ಲ ಅನ್ನುವುದೊಂದೇ ನೆಟ್ಟಗೆ ಬರುತ್ತಿದೆ. ಗುರುಪ್ರಕಾಶರ ಫೋನು ರಿಂಗಾಗಿ ಕಟ್ಟಾಗುತ್ತಿದೆ. ಮಲ್ಲಿಕಾರ್ಜುನನ ಫೋನಿನಲ್ಲಿ "ಹೋಗು" ಎಂದು ಒಂದು ಮಾತು ಅಪ್ಪಣೆ ಕೊಡಿಸಬೇಕು ಬುದ್ಧಿ. ಭಕ್ತರೆಲ್ಲರ ಮುಂದೆಯೇ ಕೊಡಿ. ಬೆರಳು ತೆಗೆಸುವುದೂ ತಮ್ಮ ಲೀಲೆ ಎಂದೇ ಹೇಳಿ, ನಾನೂ ಹಾಗೆಯೇ ಹೇಳುತ್ತೇನೆ. ಸೋಮವಾರ ವೇದಿಕೆಯ ಮುಂದೆ ಎಲ್ಲರಿಗೂ ಕಾಣುವ ಹಾಗೆ ಉದ್ದಕ್ಕೂ ಬೀಳುತ್ತೇನೆ. ಬೇಗ ಬುದ್ಧಿ.

ತಮ್ಮ ಪಾದಸೇವಕ,
ಸೋಮಶೇಖರ